ಗೇರು ತೆಗೆದ ಕೈ

ಅಣ್ಣ ಹೇಳುವ ಕಥೆಯಲ್ಲಿ ಗಾಡಿ ಓಡಿಸುತ್ತಿದ್ದವನು ನಾನು. ಅದು ನಿಜ. ಇಳಿಜಾರಿನಲ್ಲಿ ಗೇರು ತೆಗೆದವನೂ ನಾನೇ ಎನ್ನುತ್ತಾನೆ. ಅದನ್ನು ನಾನು ಒಪ್ಪಿಲ್ಲ. ಒಪ್ಪದಿರುವಷ್ಟು ನನ್ನ ನೆನಪು ಗಟ್ಟಿಯೇನೂ ಅಲ್ಲ.

ಹಳೆಯ ಟೆಂಪೋದೊಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂಡಿಸಿ ಅಣ್ಣ ಅದನ್ನು ಮನೆಗಾಡಿ ಮಾಡಿದ್ದ. ಅವನು, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು ಸಿಂಧನೂರಿನಿಂದ ಲಡಾಖಿಗೆ ಹೊರಟಿದ್ದೆವು. ಅಷ್ಟು ಸಣ್ಣ ಗಾಡಿಯಲ್ಲಿ ನಾವು ಜಗಳವಾಡದೆ ಬಿಟ್ಟ ವಿಷಯವೇ ಇರಲಿಲ್ಲ.

ಲಡಾಖಿನ ದಾರಿಯಲ್ಲಿ ಎತ್ತರದ ಘಾಟೊಂದರ ನೆತ್ತಿಯಲ್ಲಿ ವೈನಿಗೆ ಉಸಿರು ಸಾಲದಾಯಿತು. ತುಟಿ ನೀಲಿಗಟ್ಟಿತು. ಬೇಗ ಕೆಳಗಿಳಿಸಿ, ಅದೇ ಔಷಧ ಎಂದ ಅಲ್ಲಿಯ ಚಹಾದವನು. ವೈನಿಯನ್ನು ಮಂಚದ ಮೇಲೆ ಮಲಗಿಸಿ ಹೊರಟೆವು. ಅಣ್ಣ ನನ್ನ ಪಕ್ಕದ ಸೀಟಿನಲ್ಲಿದ್ದ.

“ಲಗೂ ಇಳಸಲೇ! ಬಂಡಿ ಹೊಡ್ಯಾಕತ್ತೀ ಏನು?”

“ಎರಡನೇ ಗೇರಿನ್ಯಾಗ ಇಳೀಬೇಕಣ್ಣಾ. ಘಾಟ ಐತಿ ಇದು.”

“ಎಂ.ಎ. ಓದಿದಾವ ನನಗ ಗೇರು ಹೇಳಾಕತ್ತಾನ. ಸ್ಟೇರಿಂಗ್ ಹಿಡ್ಯಾಕ ಕಲಿಸಿದಾವ ಯಾರಲೇ ನಿನಗ?”

ಅವನೇ. ಲಿಂಗಸುಗೂರಿನಿಂದ ಬರುವಾಗ ಇಳಿಜಾರು ಸಿಕ್ಕಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಹಾಗೇ ಬಿಡಬೇಕು, ಡೀಸೆಲ್ ಉಳಿಯುತ್ತದೆ ಎಂದು ಕಲಿಸಿದವನು. ನಮ್ಮ ಕಡೆ ಎಲ್ಲರೂ ಹಾಗೇ ಓಡಿಸುತ್ತಾರೆ. ಅಲ್ಲಿ ಇಳಿಜಾರು ಬೇಗ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ.

ಎಡಗಡೆಯಿಂದ ಅವನ ಕೈ ಬಂದು ಗೇರನ್ನು ಕಿತ್ತಿತು. ಬೆರಳಲ್ಲಿ ಬೆಳ್ಳಿಯ ಉಂಗುರ ಕಂಡ ನೆನಪು. ಆದರೆ ಆ ಉಂಗುರ ನಾನು ದಿನವೂ ನೋಡುವಂಥದ್ದು. ನೆನಪು ಅದನ್ನು ಆಮೇಲೆ ತಂದು ಅಂಟಿಸಿರಬಹುದು. ಗಾಡಿ ಹಗುರಾಗಿ ಓಡತೊಡಗಿದಾಗ ನನಗೂ ಹಿತವೆನಿಸಿದ್ದು ಮಾತ್ರ ಖಂಡಿತ. ವೈನಿ ಬೇಗ ಕೆಳಗೆ ಮುಟ್ಟುತ್ತಾಳಲ್ಲ.

ಗೇರಿನ ಹಿಡಿತವಿಲ್ಲದೆ ಬರೀ ಬ್ರೇಕ್ ಒತ್ತುತ್ತ ಎರಡು ತಿರುವು ದಾಟಿದ್ದೇ ಸುಟ್ಟ ವಾಸನೆ. ಬ್ರೇಕ್ ಒತ್ತಿದರೆ ಕಾಲು ತಳಕ್ಕೆ ಹೋಯಿತು. ಗೇರು ಮತ್ತೆ ಬೀಳಲಿಲ್ಲ. ಗಾಡಿಯನ್ನು ಬೆಟ್ಟಕ್ಕೆ ಉಜ್ಜುತ್ತ ಹೋಗಿ ಜಲ್ಲಿಯ ಗುಡ್ಡೆಗೆ ನುಗ್ಗಿಸಿದೆ. ವೈನಿ ಮಂಚದಿಂದ ಬಿದ್ದು ಹಣೆ ಒಡೆದುಕೊಂಡಳು. ಅಣ್ಣ ನನ್ನ ಕೆನ್ನೆಗೆ ಬಾರಿಸಿದ.

“ನನ್ನ ಹೇಣ್ತೀನ ಕೊಲ್ಲತಿದ್ದೆಲ್ಲಲೇ!”

ಲಾರಿಯೊಂದನ್ನು ನಿಲ್ಲಿಸಿ ಅವಳನ್ನು ಕರೆದುಕೊಂಡು ಇಳಿದುಹೋದ. ತಿರುಗಿ ನೋಡಲಿಲ್ಲ. ಕೆಳಗೆ ಮುಟ್ಟಿದ ಮೇಲೆ ಅವಳ ಉಸಿರು ಸರಿಹೋಯಿತೆಂದು ನನಗೆ ತಿಳಿದದ್ದು ಮರುದಿನ. ಗಾಡಿಯ ಬಳಿ ಒಬ್ಬನೇ ಕೂತು ನಾನು ದಿನಚರಿಯಲ್ಲಿ ಬರೆದದ್ದು ಇಷ್ಟೇ: “ಬ್ರೇಕ್ ಸುಟ್ಟವು. ವೈನಿ ಕೆಳಗೆ.” ಗೇರಿನ ಮಾತೇ ಇಲ್ಲ. ಆಗಲೇ ಯಾರನ್ನು ಉಳಿಸುತ್ತಿದ್ದೆ, ಅವನನ್ನೋ ನನ್ನನ್ನೋ?

ಹೋದ ತಿಂಗಳು ಲಿಂಗಸುಗೂರಿನಲ್ಲಿ ಮದುವೆ ಮುಗಿಸಿ ಮೂವರೂ ಕಾರಿನಲ್ಲಿ ಸಿಂಧನೂರಿಗೆ ಮರಳುತ್ತಿದ್ದೆವು. ಓಡಿಸುತ್ತಿದ್ದವನು ನಾನು. ದಾರಿಯಲ್ಲಿ ಸಿಗುವ ಮಸ್ಕಿ ಇನ್ನೂ ಮುಂದಿತ್ತು. ಇಳಿಜಾರು ಬಂತು, ಅಣ್ಣನ ಕೈ ಗೇರಿನ ಮೇಲೆ ಬಂತು. ಯೋಚಿಸುವ ಮೊದಲೇ ಅದನ್ನು ಬಡಿದು ತಳ್ಳಿದ್ದೆ.

“ಯಾಕಲೇ, ಸೊಕ್ಕು ಬಂದೈತೇನು?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ವೈನಿ ಅಂದಳು: “ಅವತ್ತ ಘಾಟಿನ್ಯಾಗ ಹಿಂಗ ಬಡೀಬೇಕಿತ್ತು ನೀ.”

ಅಣ್ಣ ಕಿಟಕಿಯ ಕಡೆ ತಿರುಗಿದ. ಕನ್ನಡಿಯಲ್ಲಿ ವೈನಿಯ ಹಣೆಯ ಗಾಯದ ಗುರುತು ಕಂಡಿತು. ನಾನೂ ಕನ್ನಡಿಯಿಂದ ಕಣ್ಣು ಕಿತ್ತು ರಸ್ತೆ ನೋಡಿದೆ.