ಬಕೆಟ್ಟಿನ ಬರೀ ನೀರು

ಭಾಲ್ಕಿಯ ರೇವಣಪ್ಪ ಮರಾಠಿ ಸೀಮೆಯ ದಿಂಡೋರಿಯ ವೈನ್ ಕಾರ್ಖಾನೆಯಲ್ಲಿ ಟ್ಯಾಂಕು ತಣಿಸುವ ಚಿಲ್ಲರ್ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಊರಿನವರು ನಕ್ಕಿದ್ದರು. ಕೊರಳಲ್ಲಿ ಲಿಂಗ, ದುಡಿಮೆ ಹೆಂಡದ ಮನೆಯಲ್ಲಿ. ಅಲ್ಲಿ ಸಿಕ್ಕ ಗೆಳೆಯ ಮಧುಕರನದೂ ಅದೇ ಪಾಡು. ಆತ ಪಂಢರಪುರಕ್ಕೆ ನಡೆದುಹೋಗುವ ವಾರಕರಿ, ತುಳಸಿಮಾಲೆ ಹಾಕಿದವನು. ಮಾಲೆ ಹಾಕಿದವರು ಹೆಂಡ ಮುಟ್ಟುವಂತಿಲ್ಲ. ಹತ್ತು ವರ್ಷ ನೆಲಮಾಳಿಗೆಯ ಟ್ಯಾಂಕುಗಳ ನಡುವೆ ದುಡಿದರೂ ಒಂದು ಹನಿ ನಾಲಿಗೆಗೆ ಸೋಕಿಸಿದವನಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯುವ ಜೋಡಿ ಎಂದು ಉಳಿದವರು ಇಬ್ಬರನ್ನೂ ಛೇಡಿಸುತ್ತಿದ್ದರು. ಮಧುಕರನ ಹೆಂಡತಿ ಮಂದಾಕಿನಿಯ ತವರು ಬಸವಕಲ್ಯಾಣ. ಕನ್ನಡ ಆಡಲು ಒಬ್ಬನಾದರೂ ಸಿಕ್ಕನಲ್ಲ ಎಂದು ಆಕೆ ರೇವಣಪ್ಪನನ್ನು ಅಣ್ಣ ಎಂದೇ ಕರೆದಳು.

ಚಿಲ್ಲರಿನ ಕೆಲಸ ಸರಳ, ಆದರೆ ಉಡಾಫೆಯನ್ನು ಕ್ಷಮಿಸುವುದಿಲ್ಲ. ನೊರೆಯುಕ್ಕುವ ವೈನಿನಲ್ಲಿ ಅನಿಲ ಕರಗಿಯೇ ಉಳಿಯಬೇಕಾದರೆ ಟ್ಯಾಂಕು ಸದಾ ತಣ್ಣಗಿರಬೇಕು. ಬೆಚ್ಚಗಾಯಿತೋ, ಬಿಸಿಲಲ್ಲಿಟ್ಟ ಸೋಡಾದಂತೆ ಅನಿಲವೆಲ್ಲ ಹೊರಬೀಳುತ್ತದೆ. ಟ್ಯಾಂಕನ್ನು ತಣಿಸುವ ಕೊಳವೆಯ ನೀರು ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿದ್ದರೂ ಹೆಪ್ಪುಗಟ್ಟದೆ ಹರಿಯುವುದು ಅದರಲ್ಲಿ ಬೆರೆಸಿದ ಗ್ಲೈಕಾಲಿನ ಪುಣ್ಯದಿಂದ.

೨೦೦೯ರ ಮೇ ತಿಂಗಳಲ್ಲಿ ಕೊಳವೆ ಎಲ್ಲೋ ಸೋರಿ ನೀರಿನ ಮಟ್ಟ ಇಳಿಯತೊಡಗಿತು. ಗ್ಲೈಕಾಲ್ ಡ್ರಮ್ಮು ಖಾಲಿ. ನಾಳೆ ಬರುತ್ತದೆ ಎಂದರು ಸ್ಟೋರಿನವರು. ರೇವಣಪ್ಪ ಎರಡು ಬಕೆಟ್ ಬರೀ ನೀರು ಸುರಿದ. ಮರುದಿನವೂ ನಾಳೆ ಎಂದರು, ಮರುದಿನವೂ ಸುರಿದ. ಹೀಗೆ ಒಂದು ವಾರ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ಬೇರೆಯವನ ಮನೆ.

ಭಾನುವಾರ ರಜೆ. ತೆಳುವಾದ ಆ ನೀರು ಯಂತ್ರದೊಳಗೇ ಮಂಜುಗಡ್ಡೆಯಾಗಿ ತಗಡನ್ನು ಸೀಳಿತು, ಚಿಲ್ಲರ್ ನಿಂತಿತು. ವೈನು ಬೆಚ್ಚಗಾಗಿ, ಒತ್ತಡಕ್ಕೆ ಟ್ಯಾಂಕಿನ ಕವಾಟ ತೆರೆದು, ಅನಿಲ ನೆಲಮಾಳಿಗೆಯನ್ನು ತುಂಬಿತು. ಅದು ಗಾಳಿಗಿಂತ ಭಾರ, ಕಣ್ಣಿಗೆ ಕಾಣದು, ಒಳಗೆ ಹೋದವನ ಉಸಿರು ಕಟ್ಟಿಸುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದವನು ಮಧುಕರ. ಉಕ್ಕಿ ಚೆಲ್ಲಿದ ವೈನಿನಲ್ಲೇ ಬಿದ್ದಿದ್ದ. ಎತ್ತಿ ತಂದಾಗ ಹೆಣ ಹೆಂಡದ ವಾಸನೆಯಿಂದ ಗಮ್ಮೆನ್ನುತ್ತಿತ್ತು.

ಕುಡಿದು ಬಿದ್ದ ಎಂದರು ಕಚೇರಿಯವರು. ಊರೂ ನಂಬಿತು. ಹೆಂಡದ ಮನೆಯಲ್ಲಿ ಸತ್ತವನ ಪರವಾಗಿ ಯಾರು ಸಾಕ್ಷಿ ಹೇಳುತ್ತಾರೆ? ರೇವಣಪ್ಪನಿಗೆ ನಿಜ ಗೊತ್ತಿತ್ತು. ನಾಲಿಗೆ ಮಾತ್ರ ಏಳಲಿಲ್ಲ. ಅವನಿಗೆ ಅಂಜಿಕೆ ಇದ್ದದ್ದು ಕೆಲಸ ಹೋದೀತು ಎಂದಲ್ಲ, ಮಂದಾಕಿನಿಯ ಮುಖ ನೋಡುವುದಕ್ಕೆ.

ಹತ್ತನೆಯ ದಿನ ವಾರಕರಿಗಳು ಬಂದು ಭಜನೆ ಹೇಳುವುದು ಪದ್ಧತಿ. ಆಕೆ ಅಂಗಳ ಸಾರಿಸಿ ಜಮಖಾನೆ ಹಾಸಿದ್ದಳು. ಬಂದವರು ಗೇಟಿನಾಚೆಯೇ ನಿಂತರು. ಮಾಲೆ ಕೆಡಿಸಿದವನಿಗೆ ನಾವು ಹಾಡುವುದಿಲ್ಲ ಎಂದು ಹಿರಿಯ ತಲೆ ತಗ್ಗಿಸಿ ಹೇಳಿದ. ಮಂದಾಕಿನಿ ಅಳಲಿಲ್ಲ, ಬಗ್ಗಿ ಜಮಖಾನೆ ಸುತ್ತತೊಡಗಿದಳು. ಅದನ್ನು ನೋಡಲಾಗದೆ, ಅಂಗಳದ ಮೂಲೆಯಲ್ಲಿ ಕೂತಿದ್ದ ರೇವಣಪ್ಪ ಎದ್ದು, ತನ್ನ ಹರಕು ಮರಾಠಿಯಲ್ಲಿ ಬಕೆಟ್ಟಿನಿಂದ ಹಿಡಿದು ಅನಿಲದವರೆಗೆ ಎಲ್ಲವನ್ನೂ ಅವರೆದುರು ಹೇಳಿದ. ಆಮೇಲೆ ಆಕೆಯ ಕಡೆ ತಿರುಗಿದ.

"ಅಂವಾ ಕುಡಿದಿದ್ದಿಲ್ಲ ತಂಗಿ. ಬರೀ ನೀರು ಹಾಕಿದಾಂವ ನಾನು. ನನ್ನ ಕೈಲೆ ಸತ್ತಾನ."

ಹಿರಿಯ ಚಪ್ಪಲಿ ಬಿಟ್ಟು ಒಳಗೆ ಬಂದ, ಉಳಿದವರೂ ಬಂದರು. ಮಂದಾಕಿನಿ ಜಮಖಾನೆ ಮತ್ತೆ ಬಿಡಿಸಿ ಹಾಸಿದಳು. ಅದರ ಮೂಲೆ ಸರಿಮಾಡುತ್ತ, ಮುಖ ಎತ್ತದೆ ಹೇಳಿದಳು:

"ಅವರ ಹೆಸರು ಉಳಿಸಿದಿ ಅಣ್ಣಾ, ಕೈ ಮುಗೀತೀನಿ. ಇನ್ನ ಈ ಮನಿಗೆ ಬರಬ್ಯಾಡ."

ರೇವಣಪ್ಪ ಹೊರಗೆ ಬಂದ. ಒಳಗೆ ತಾಳ, ಮೃದಂಗ ಶುರುವಾದವು. ಭಜನೆ ಮುಗಿಯುವವರೆಗೂ ಅವನು ರಸ್ತೆಯ ಬಿಸಿಲಿನಲ್ಲೇ ನಿಂತು ಕೇಳಿದ.