ಖುದ್ದ ಅವರಿಗೇ ಕೇಳೋಣ್ರಿ

ನಿರುದ್ಯೋಗದ ಸಮೀಕ್ಷೆಗೆಂದು ಬೀದರಿನಿಂದ ಔರಾದ, ಭಾಲ್ಕಿ ತಿರುಗುತ್ತಿದ್ದಾಗ ನನ್ನ ಜೊತೆಗೊಬ್ಬರು ಹಿರಿಯ ಹೆಣ್ಣುಮಗಳಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಮನೆಯವರೆಲ್ಲರ ಉತ್ತರವನ್ನು ಒಬ್ಬರೇ ಹೇಳತೊಡಗಿದರೆ ಅಕ್ಕ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದರು. "ಖುದ್ದ ಅವರಿಗೇ ಕೇಳೋಣ್ರಿ" ಎನ್ನುವರು. ಒಬ್ಬರೇ ಹೇಳಿದರೂ ನಿಯಮದ ಪ್ರಕಾರ ನಡೆಯುತ್ತಿತ್ತು.

ಭಾಲ್ಕಿಯ ಒಂದು ಮನೆಯಲ್ಲಿ ಸೊಸೆಯ ಬಗ್ಗೆ ಅತ್ತೆಯೇ ಹೇಳಿದರು: "ಬಿ.ಎಡ್. ಆಗ್ಯಾದ. ಕೆಲಸ ಏನೂ ಹುಡುಕಂಗಿಲ್ಲರಿ, ಮನ್ಯಾಗೇ ಇರ್ತಾಳ."

ಕೆಲಸ ಹುಡುಕದವರು ನಮ್ಮ ಫಾರ್ಮಿನಲ್ಲಿ ನಿರುದ್ಯೋಗಿಗಳಲ್ಲ. ಅವರು ಆ ಲೆಕ್ಕದಿಂದಲೇ ಹೊರಗೆ. ಹಾಗೇ ಬರೆದುಬಿಡೋಣ ಎಂದೆ ನಾನು. ಅಕ್ಕ ಪೆನ್ನಿನ ಮುಚ್ಚಳ ಹಾಕಿದರು.

ಚಹಾ ತಂದ ಸೊಸೆಯನ್ನು ಕೇಳಿದರು, "ಹೋದ ವಾರ ಎಲ್ಲಾದ್ರೂ ಕೆಲಸ ಕೇಳೀಯೇನವ್ವಾ?"

ಆಕೆ ತಟ್ಟೆ ಹಿಡಿದೇ ನಿಂತಳು. "ಬೀದರಿನಾಗ ಎರಡು ಸಾಲಿಗಿ ಅರ್ಜಿ ಕೊಟ್ಟು ಬಂದೀನ್ರಿ."

"ದವಾಖಾನಿಗಿ ಅಂತ ಹೇಳಿ ಹೋಗಿದ್ದಿಯಲ್ಲ?" ಎಂದರು ಅತ್ತೆ.

"ದವಾಖಾನಿಗೂ ಹೋಗಿದ್ದೆ ಅತ್ತಿ."

"ಹಲ್ಲು ತೋರಸ್ಲಿಕ್ಕಿ ಅರ್ಧಾ ತಾಸು, ಮನಿಗಿ ಬಂದದ್ದು ಸಂಜಿಗಿ."

ಅಕ್ಕ 'ನಿರುದ್ಯೋಗಿ' ಎಂದು ಗುರುತು ಹಾಕಿದರು. ಉತ್ತರ ಸರಿಯಾಗಿತ್ತು. ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗಿನ ಮಾತು ಜೋರಾಗುತ್ತಿತ್ತು. "ಅತ್ತಿ ಮುಂದ ಕೇಳಬಾರದಿತ್ತು ನಾ" ಎಂದರು ಅಕ್ಕ.

ನಾನು ಹೇಳಿದಂತೆ ಬರೆದಿದ್ದರೆ ಆಕೆಯ ಗುಟ್ಟು ಉಳಿಯುತ್ತಿತ್ತು, ಹುಡುಕಾಟ ಲೆಕ್ಕದಿಂದ ಅಳಿಸಿಹೋಗುತ್ತಿತ್ತು. ಯಾವುದು ಮೇಲು ಎಂದು ನನಗೆ ಈಗಲೂ ಹೇಳಲಾಗದು.

ಮುಂದಿನ ಮನೆಯಲ್ಲೋ, ಮರುದಿನವೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ, ಇನ್ನೊಬ್ಬ ಅತ್ತೆ ಬಾಯಿ ತೆರೆಯುವ ಮೊದಲೇ ಅಕ್ಕ ನನ್ನತ್ತ ಕೈತೋರಿಸಿ ಹೇಳಿದರು: "ಅವ್ವಾರೆ, ಇವರಿಗಿ ನಿಮ್ಮ ಎಮ್ಮಿ ನೋಡೋದದ ಅಂತರಿ. ಹಿತ್ತಲಕ ಕರ್ಕೊಂಡ ಹೋಗ್ರಿ."