ದಾನಮ್ಮ ಕಳಿಸಿದ ಉಡಿ

ದಾನಮ್ಮ ಫೋನ್ ಮಾಡಿದರೆ ಮೊದಲು ಸುದ್ದಿ, ಆಮೇಲೆ ಕುಶಲ. ‘ಹಲೋ’ ಅನ್ನುವುದಕ್ಕೂ ಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಬ್ಯಾಂಕಿನಲ್ಲಿ ನನ್ನ ಕೌಂಟರಿನ ಮುಂದೆ ಉದ್ದ ಸಾಲು ನಿಂತಿದ್ದಾಗ ಆಕೆಯ ಫೋನ್ ಬಂತು. “ಭಾನಕ್ಕ, ನೀವು ನನ್ನ ಏಜಂಟ್ ಅಂತ್ರಿ. ನಮ್ಮ ಪ್ರಿಯಾ ಹೇಳ್ತಾಳ. ಪಗಾರಿಲ್ಲದ ಏಜಂಟ್. ಇನ್ನ ಮ್ಯಾಲ ಪಗಾರ ಅದ, ರವಿವಾರ ಬರ್ರಿ.” ಊಟ ಆಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಈ ಶ್ರಾವಣದಲ್ಲಿ ಆಕೆ ಹೋದಳು. ಬೆಳಿಗ್ಗೆ ಎದೆ ಹಿಡಿಯಿತು, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಆಕೆಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತರೆ ದುಃಖ ಹಿಂದೆ ಸರಿದು ಆ ಚಳಿಗಾಲದ ಗಡಿಬಿಡಿಯೇ ಮುಂದೆ ಬರುತ್ತದೆ.

ಬಸವಕಲ್ಯಾಣದ ಕಡೆಯ ಹಳ್ಳಿಯವಳು. ಗಂಡ ವೈಜನಾಥ ನಾಶಿಕದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ದಾನಮ್ಮ ಅಲ್ಲಿಯ ಸಿಡ್ಕೋ ಬಡಾವಣೆಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು, ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನುವ ಚಟ್ನಿಪುಡಿ ಮಾಡತೊಡಗಿದಳು. ನಾನು ಧಾರವಾಡದವಳು. ವರ್ಗವಾಗಿ ನಾಶಿಕಕ್ಕೆ ಬಂದಾಗ ಆಕೆಯ ಪಕ್ಕದ ಮನೆಯಲ್ಲಿದ್ದೆ. ಮುಂದೆ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ವರ್ಗವಾಯಿತು. ಅಲ್ಲಿ ಕಲಬುರಗಿ, ಬೀದರ ಕಡೆಯ ಮನೆಯವರು ಸಿಕ್ಕಾಗಲೆಲ್ಲ ಆಕೆಯ ರೊಟ್ಟಿಯ ಮಾತು ತೆಗೆಯುತ್ತಿದ್ದೆ. ಅವರು ತಮ್ಮ ಬೀಗರಿಗೆ ಹೇಳುತ್ತಿದ್ದರು, ಬೀಗರು ಇನ್ನೊಬ್ಬರಿಗೆ.

ಎರಡು ವರ್ಷದ ಹಿಂದಿನ ಆ ದಸರೆಗೆ, ದಿನಾ ರೊಟ್ಟಿ ಕೊಳ್ಳುತ್ತಿದ್ದ ಕಾರ್ಖಾನೆಯ ಕ್ಯಾಂಟೀನು ಬೇರೆ ಗುತ್ತಿಗೆದಾರನ ಕೈಗೆ ಹೋಯಿತು. ರೊಟ್ಟಿಯ ದೊಡ್ಡ ಗಿರಾಕಿ ಅದೇ. ಸಂಕ್ರಾಂತಿಯ ತನಕ ನೋಡುವುದು, ಹೊಸ ಗಿರಾಕಿ ಬರದಿದ್ದರೆ ಒಲೆ ಆರಿಸಿ ಊರಲ್ಲಿರುವ ತಮ್ಮ ಗುರುಬಸವನ ಮನೆಗೆ ಹೋಗುವುದು ಎಂದು ಆಕೆ ನಿರ್ಧರಿಸಿದಳು. ತಮ್ಮ ಒಳ್ಳೆಯವನು. ಅಕ್ಕನಿಗೆಂದು ಒಂದು ಖೋಲಿಗೆ ಸುಣ್ಣ ಬಳಿಸಿ ಇಟ್ಟಿದ್ದ. ಆ ಖೋಲಿಯ ಮಾತು ಬಂದರೆ ಮಾತ್ರ ದಾನಮ್ಮನ ದನಿ ಇಳಿಯುತ್ತಿತ್ತು. “ಅಲ್ಲಿ ರೊಟ್ಟಿ ಬಡದ್ರೂ ತಮ್ಮನ ಹೆಂಡ್ತಿ ಒಲಿ ಮ್ಯಾಲೇ ಬಡೀಬೇಕಲ್ರಿ” ಅನ್ನುತ್ತಿದ್ದಳು.

ರವಿವಾರ ನಾನು ಶೆಡ್ಡಿಗೆ ಹೋದಾಗ ಮಗಳು ಪ್ರಿಯಾ ಹಿಟ್ಟಿನ ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಅವಳದು. ನಾಶಿಕದಲ್ಲೇ ಬೆಳೆದವಳು, ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನಮಗೆಲ್ಲ ಅಫಿಲಿಯೇಟ್ ಪ್ರೋಗ್ರಾಂ ಅಂದರೇನೆಂದು ತಿಳಿಸಿದಳು. ರೊಟ್ಟಿಯ ವೆಬ್‌ಸೈಟಿಗೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಲಿಂಕ್. ಸಿಲ್ಲೋಡಿನ ನಮ್ಮ ಗಿರಾಕಿ ಚನಬಸವ್ವ ತನ್ನ ಲಿಂಕನ್ನು ನಾಲ್ಕು ಜನಕ್ಕೆ ಕಳಿಸಿದಳು ಅನ್ನಿ. ಅದನ್ನು ಒತ್ತಿ ಬಂದವರು ಏನು ಕೊಂಡರೂ ಚನಬಸವ್ವನಿಗೆ ಅದರಲ್ಲಿ ಪಾಲು. ಯಾರು ಯಾರಿಂದ ಬಂದರು ಎಂದು ಯಾರೂ ನೆನಪಿಡಬೇಕಾಗಿಲ್ಲ, ಕಂಪ್ಯೂಟರೇ ಹೇಳುತ್ತದೆ.

ಪರೀಕ್ಷೆ ಮಾಡಲೇಬೇಕೆಂದು ದಾನಮ್ಮ ಫೋನ್ ಹಿಡಿದು ರಸ್ತೆಗೆ ಓಡಿದಳು. ದೂರದಿಂದ ಮಾಡಿದರಷ್ಟೇ ನಿಜವೆಂದು ಆಕೆಯ ಲೆಕ್ಕ. ಪಾನಿನ ಅಂಗಡಿಯ ಮುಂದೆ ನಿಂತು ನನ್ನ ಲಿಂಕ್ ಒತ್ತಿ, ತನ್ನ ರೊಟ್ಟಿಯನ್ನು ತಾನೇ ತರಿಸಿದಳು. ಒಳಗೆ ಲ್ಯಾಪ್‌ಟಾಪು ಟಿಣ್ ಎಂದಿತು, ನನ್ನ ಹೆಸರು ಮೂಡಿತು. ಹೆಂಗಸರು ಹಿಟ್ಟಿನ ಕೈಯಲ್ಲೇ ಚಪ್ಪಾಳೆ ಹೊಡೆದರು. ಆಕೆ ಏದುಸಿರು ಬಿಡುತ್ತ ಒಳಗೆ ಬಂದು, “ರೊಟ್ಟಿ ಮುರದು ಬಂದ್ರ ಯಾರಿಗಿ ಬೈಲಿ ಈಗ?” ಅಂದಳು.

ಆ ಸಂಜೆಯೇ ಪರಿಚಯದ ಹೆಂಗಸರಿಗೆಲ್ಲ ಲಿಂಕ್ ಹೋಯಿತು. ಸಂಭಾಜಿನಗರ, ವೇರೂಳ್, ಸಿಲ್ಲೋಡ್, ಇತ್ತ ಪಿಂಪಳಗಾಂವ್ ಬಸವಂತ್. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಆಮೇಲೆ ಒಬ್ಬರೂ ಉಸಿರೆತ್ತಲಿಲ್ಲ. ಲಿಂಕಿನಿಂದ ಆರ್ಡರ್ ಬರದಿದ್ದರೆ ಹೋಗಲಿ, ಮೊದಲು ತಾವಾಗಿ ಬರುತ್ತಿದ್ದವೂ ನಿಂತವು. ಪ್ರಿಯಾ ವೆಬ್‌ಸೈಟು ಕೆಟ್ಟಿದೆಯೇನೋ ಎಂದು ಎಲ್ಲವನ್ನೂ ಮತ್ತೆ ಬಿಚ್ಚಿ ನೋಡಿದಳು. ಅದು ಚೆನ್ನಾಗಿಯೇ ಇತ್ತು.

ನಾನು ಸಿಲ್ಲೋಡಿಗೆ ಹೋದೆ. ಎಲ್ಲರಿಗಿಂತ ಹೆಚ್ಚು ಮನೆಗಳಿಗೆ ರೊಟ್ಟಿ ಹಿಡಿಸಿದವಳು ಅಲ್ಲಿಯ ಚನಬಸವ್ವ. ಗಂಡ ಹತ್ತಿ ವ್ಯಾಪಾರ ಮಾಡುತ್ತಿದ್ದರು, ಅವರು ಹೋಗಿ ಬಹಳ ವರ್ಷವಾಗಿತ್ತು. ಚಹಾ ಕೊಟ್ಟಳು, ಊರಿನ ಸುದ್ದಿ ಹೇಳಿದಳು, ರೊಟ್ಟಿಯ ಮಾತು ಮಾತ್ರ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಮದಲ ಬೀಗತಿಗಿ ರೊಟ್ಟಿ ಚಲೋ ಅವ, ತರಸ್ರಿ ಅಂತಿದ್ದೆ. ಈಗ ಹ್ಯಾಂಗ ಅನ್ಲಿ?” ಅಂದಳು. “ಬೀಗತಿ ತಿನ್ನೋ ರೊಟ್ಟ್ಯಾಗ ನಾ ಪಾಲ ತಿಂದಂಗ ಆಗ್ತದಲ್ರಿ. ನಾಳಿ ಮಗಳಿಗಿ ಅಂತಾಳ, ನಿಮ್ಮವ್ವ ದಲಾಲಿ ಮಾಡ್ತಾಳ ಅಂತ.”

ಎಲ್ಲರ ಮನಸ್ಸಿನಲ್ಲಿದ್ದದ್ದೂ ಇದೇ. ಬಾಯಿತುಂಬ ಹೊಗಳುತ್ತಿದ್ದವರ ಬಾಯಿಯನ್ನು ನಾವು ಪಾಲು ಕೊಟ್ಟು ಮುಚ್ಚಿಸಿದ್ದೆವು. ಫೋನಿನಲ್ಲಿ ಇದನ್ನು ಹೇಳಿದಾಗ ದಾನಮ್ಮ ಊಟ ಆಯಿತೇ ಎಂದು ಕೇಳುವುದನ್ನೂ ಮರೆತಳು. ಹಿಂದಿನಿಂದ ಪ್ರಿಯಾ ಸಿಟ್ಟಿನಲ್ಲಿ ಮರಾಠಿ ಆಡುತ್ತಿದ್ದಳು.

ಎರಡು ದಿನಕ್ಕೆ ಮತ್ತೆ ಫೋನ್, ಹಳೆಯ ದನಿ. “ಭಾನಕ್ಕ, ರೊಕ್ಕ ಬ್ಯಾಡ ಅಂದಾರ. ಉಡಿ ಬ್ಯಾಡ ಅನ್ನಾವ್ರು ಯಾರರೆ ಅದಾರೇನ್ರಿ?”

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಮನೆಗೆ ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ, ಬರಿ ಮಡಿಲಲ್ಲಿ, ಕಳಿಸುವುದಿಲ್ಲ, ತುಂಬಿದ ಉಡಿಯನ್ನು ಯಾವ ಹೆಣ್ಣುಮಗಳೂ ಬೇಡ ಅನ್ನುವುದಿಲ್ಲ. ಲಿಂಕು ಹಾಗೇ ಇರಲಿ, ಲೆಕ್ಕ ಕಂಪ್ಯೂಟರಿನಲ್ಲಿರಲಿ. ಪಾಲಿನ ಬದಲು ಅದರ ಬೆಲೆಗೆ ತಕ್ಕಂತೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಬೇರು, ಮೇಲೊಂದು ಕುಪ್ಪಸದ ಖಣ. ದಾನಮ್ಮ ಒಂದೇ ಉಸಿರಿಗೆ ಹೇಳುತ್ತ ಹೋದಳು. ಪ್ರಿಯಾ ಆಗಲೇ ಖಣದ ಅಂಗಡಿಗೆ ಹೋಗಿದ್ದಳಂತೆ. ಆಮೇಲೆ ದಾನಮ್ಮನೇ ಕೇಳಿದಳು.

“ಆದ್ರ, ನನ್ನ ಕೈಲಿಂದ?”

ವೈಜನಾಥ ಹೋದ ಮೇಲೆ ಮದುವೆ ಮನೆಗಳಲ್ಲಿ ಉಡಿ ತುಂಬುವ ಹೊತ್ತಿಗೆ ಆಕೆ ಅಡುಗೆಯ ಕಡೆ ಸರಿಯುತ್ತಿದ್ದುದನ್ನು ನಾನು ನೋಡಿದ್ದೆ. ಗಂಡ ಇಲ್ಲದವರನ್ನು ಹಾಗೆ ದೂರ ಇಡಬಾರದೆಂದು ನಮ್ಮ ಶರಣರು ಎಂದೋ ಹೇಳಿದ್ದಾರೆ ಎಂದು ಆಕೆಯೇ ವಾದಿಸುತ್ತಿದ್ದಳು. ವಾದಿಸಿ, ಮತ್ತೆ ತಾನೇ ಸರಿಯುತ್ತಿದ್ದಳು. ನಾನಂತೂ ಸೆರಗೊಡ್ಡುತ್ತೇನೆ, ಉಳಿದವರದು ಗೊತ್ತಿಲ್ಲ ಅಂದೆ.

ಮೊದಲ ಉಡಿ ಚನಬಸವ್ವನಿಗೇ ಹೋಗಬೇಕೆಂದು ಆಕೆ ಹಟ ಹಿಡಿದಳು. ಹಿಂದೆ ಹಿಡಿಸಿಕೊಟ್ಟ ಮನೆಗಳ ಲೆಕ್ಕದಲ್ಲಿ. ಚನಬಸವ್ವನ ಉಡಿಯನ್ನೂ ಗಂಡ ಹೋದಾಗಿನಿಂದ ಯಾರೂ ತುಂಬಿರಲಿಲ್ಲ. “ಆಕಿ ತಗೊಂಡ್ರ ಎಲ್ಲಾರೂ ತಗೋತಾರ್ರಿ. ಆಕಿ ತಿರುಗಿ ಕಳಸಿದ್ರ ನಾ ತಮ್ಮನ ಮನಿಗಿ ನಡದೆ.”

ಪಾರ್ಸಲ್ ಹೋಯಿತು. ಮುಟ್ಟಿದೆ ಎಂದು ಕುರಿಯರಿನವರ ಮೆಸೇಜೂ ಬಂತು. ಚನಬಸವ್ವನಿಂದ ಮಾತಿಲ್ಲ. ದಾನಮ್ಮ ನನಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ ಏನಾದರೂ ಗೊತ್ತಾಯಿತೇ ಎಂದು ಕೇಳುತ್ತಿದ್ದಳು. ಸೋಮವಾರ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಒಂದು ಮೂಲೆಯಲ್ಲಿ ದಾನಮ್ಮ, ಇನ್ನೊಂದು ಕಡೆ ಚನಬಸವ್ವ. ನೆಲದ ಮೇಲೆ ಕೂತಿದ್ದಳು, ಸೆರಗಿನ ತುಂಬ ಅಕ್ಕಿ, ಮೇಲೆ ಹಸಿರು ಖಣ. ಒಳ್ಳೆಯ ದಿನ ನೋಡಿ ಬಿಚ್ಚಿದ್ದಳಂತೆ.

“ದಾನಮ್ಮ, ಆಗಿಂದ ಕುಂತೀನವ್ವ. ಏಳ್ಲಿಕ್ಕಿ ಮನಸಾಗವಲ್ದು.”

ದಾನಮ್ಮನ ಕಡೆ ಕ್ಯಾಮೆರಾ ಶೆಡ್ಡಿನ ತಗಡು ತೋರಿಸಿತು. ಫೋನ್ ಕೈಯಿಂದ ಬಿದ್ದಿತ್ತು.

ಅದೇ ಸಂಜೆ ಚನಬಸವ್ವ ಖಣವನ್ನು ಬೀಗತಿಗೆ ತೋರಿಸಿದಳು. ದಲಾಲಿಯ ಮಾತು ಹುಟ್ಟಲೇ ಇಲ್ಲ. ತನಗೂ ಒಂದು ಲಿಂಕ್ ಬೇಕು ಅಂದಳಂತೆ ಬೀಗತಿ. ಪಿಂಪಳಗಾಂವಿನಿಂದ, ವೇರೂಳಿನಿಂದ ಒಂದರ ಹಿಂದೆ ಒಂದು ಟಿಣ್ ಟಿಣ್. ಸಂಕ್ರಾಂತಿಯ ಮುನ್ನಾದಿನದ ಭೋಗಿ ಹಬ್ಬ ಎದುರಿಗಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಮನೆಗೂ ಬೇಕು. ನಾನು ರಜೆ ಹಾಕಿ ಪ್ಯಾಕಿಂಗಿಗೆ ಹೋದೆ. ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ನಿಬ್ಬರು ಹೆಂಗಸರು ಸೇರಿದ್ದರು, ಆರು ಜೋಡಿ ಕೈ ಬಡಿಯುವ ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ನಾನು ಕಟ್ಟಿದ ಪೆಟ್ಟಿಗೆಗಳನ್ನು ದಾನಮ್ಮ ಅಲುಗಾಡಿಸಿ, “ಬ್ಯಾಂಕಿನ ನೋಟ ಅಲ್ರಿ ಇವು, ಒತ್ತಿ ಕಟ್ಟಬ್ಯಾಡ್ರಿ” ಎಂದು ಮತ್ತೆ ಬಿಚ್ಚಿಸಿದಳು. ಸಂಕ್ರಾಂತಿಯ ದಿನ ತಮ್ಮನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: “ಆ ಖೋಲ್ಯಾಗ ಜ್ವಾಳದ ಚೀಲ ಇಡಪ್ಪ. ನನಗ ಬೇಕಾಗ್ತಾವ.”

ಆಕೆ ಹೋದ ಈ ಶ್ರಾವಣದ ದಿನ, ನಮ್ಮ ಕಡೆ ಲಿಂಗವಂತರಲ್ಲಿ ಮಾಡುವಂತೆ, ಆಕೆಯನ್ನು ವಿಭೂತಿ ಹಚ್ಚಿ ಕೂಡಿಸಿದ್ದರು. ಕುತ್ತಿಗೆ ತುಸು ವಾಲಿತ್ತು, ಮಾತು ಕೇಳಿಸಿಕೊಳ್ಳುವಾಗ ವಾಲುತ್ತಿದ್ದಂತೆ. ಸಿಲ್ಲೋಡಿನಿಂದ ಬಂದ ಚನಬಸವ್ವ ನೇರ ಹೋಗಿ ಎದುರಿಗೆ ಕೂತು, ಚೀಲದಿಂದ ಅಕ್ಕಿ ತೆಗೆದಳು. ಗುರುಬಸವನ ಹೆಂಡತಿ ಮೆಲ್ಲಗೆ, ಗಂಡ ಇಲ್ಲದವರಿಗೆ ಉಡಿ ಹೇಗೆ ಎಂದಳು.

“ಆಕಿ ನಂದು ತುಂಬ್ಯಾಳ” ಅಂದಳು ಚನಬಸವ್ವ.

ಆಕೆಯ ಹಿಂದೆ ಪಿಂಪಳಗಾಂವಿನವರು, ವೇರೂಳಿನವರು, ಶೆಡ್ಡಿನ ಹೆಂಗಸರು, ನಾನು. ಒಬ್ಬೊಬ್ಬರೂ ಒಂದೊಂದು ಬೊಗಸೆ. ಅಕ್ಕಿ ಮಡಿಲು ತುಂಬಿ ನೆಲಕ್ಕೆ ಚೆಲ್ಲಿತು, ಯಾರೂ ಎತ್ತಲಿಲ್ಲ.

ನಾಗರ ಪಂಚಮಿಯ ಆರ್ಡರುಗಳು ಬಂದು ಕೂತಿದ್ದವು. ಮರುದಿನ ಪ್ರಿಯಾ ನನ್ನನ್ನು ಕೇಳಿದಳು, “ಆಂಟಿ, ನಮ್ಮಲ್ಲಿ ಸೂತಕ ಇಲ್ಲ ಅಂತ ಮಮ್ಮಿ ಹೇಳ್ತಿದ್ಳು. ಖರೇನಾ?” ಖರೆ ಅಂದೆ. ಅವಳು ಶೆಡ್ಡಿಗೆ ಹೋಗಿ ಒಲೆ ಹೊತ್ತಿಸಿದಳು.